ಅಂಗೈಯಗಲದ ಮೀನು

ಅಮೆರಿಕದ ಟೆನ್ನೆಸಿ ರಾಜ್ಯದ ವಾಯವ್ಯ ಮೂಲೆಯಲ್ಲಿರುವ ರೀಲ್‌ಫುಟ್ ಕೆರೆಯನ್ನು ಯಾರೂ ತೋಡಿದ್ದಲ್ಲ. 1811ರ ಡಿಸೆಂಬರ್‌ನಿಂದ 1812ರ ಫೆಬ್ರವರಿಯವರೆಗೆ ಮಿಸಿಸಿಪಿ ನದಿಯ ನಡುಬಯಲನ್ನು ಮತ್ತೆ ಮತ್ತೆ ಅಲುಗಿಸಿದ ಭೂಕಂಪಗಳಿಗೆ ಅಲ್ಲಿನ ನೆಲ ಕುಸಿಯಿತು. ಸೈಪ್ರೆಸ್ ಮರಗಳ ಕಾಡು ನಿಂತಂತೆಯೇ ಕೆಳಗಿಳಿಯಿತು, ಅದರ ಮೇಲೆ ನೀರು ತುಂಬಿತು. ಫೆಬ್ರವರಿ 7ರ ಕಂಪನದಲ್ಲಿ ಮಿಸಿಸಿಪಿ ಸ್ವಲ್ಪ ಹೊತ್ತು ಹಿಂದಕ್ಕೆ ಹರಿಯಿತೆಂದು ದೋಣಿಗಳಲ್ಲಿದ್ದವರು ಹೇಳಿದ್ದು ದಾಖಲಾಗಿದೆ. ಹೀಗೆ ಹುಟ್ಟಿದ ಕೆರೆ ವಿಸ್ತಾರವಾದದ್ದು, ಆದರೆ ಆಳವಿಲ್ಲದ್ದು. ಬಹಳ ಕಡೆ ಐದಾರು ಅಡಿ ನೀರು, ಅದರೊಳಗೆ ಮುಳುಗಿದ ಮರಗಳ ಬೊಡ್ಡೆಗಳು.

ಬೇಸಿಗೆಯ ಬಿಸಿಲಿಗೆ ಬೇಗ ಕಾಯುವ ಇಂಥ ನೀರು ಬ್ಲೂಗಿಲ್, ಕ್ರಾಪಿ, ರೆಡ್‌ಇಯರ್ ಮೀನುಗಳಿಗೆ ಹೇಳಿ ಮಾಡಿಸಿದ್ದು. ಇವೆಲ್ಲ ಸನ್‌ಫಿಶ್ ಕುಲದವು. ಉತ್ತರ ಅಮೆರಿಕ ಬಿಟ್ಟರೆ ಈ ಕುಲ ಲೋಕದಲ್ಲಿ ಬೇರೆಲ್ಲೂ ತಾನಾಗಿ ಇರಲಿಲ್ಲ. ಸಾಮಾನ್ಯ ಬ್ಲೂಗಿಲ್ ಒಂದು ಅಂಗೈಯಗಲ. ತಲೆ ತೆಗೆದು, ಹುರುಪೆ ಕೆರೆದು, ಇಡೀ ಮೀನನ್ನೇ ಬಾಣಲೆಗೆ ಹಾಕಬಹುದಾದ್ದರಿಂದ ಇಂಥವನ್ನೆಲ್ಲ ಅಲ್ಲಿನವರು ಒಟ್ಟಾಗಿ ಪ್ಯಾನ್‌ಫಿಶ್ ಎನ್ನುತ್ತಾರೆ. ಟ್ರೌಟ್, ಸಾಲ್ಮನ್ ಮೀನುಗಳ ಬೇಟೆಯ ಬಗ್ಗೆ ಕಪಾಟುಗಟ್ಟಲೆ ಪುಸ್ತಕಗಳಿವೆ. ಸಿರಿವಂತರ ಕ್ಲಬ್ಬುಗಳು ಅವುಗಳ ಸುತ್ತ ಒಂದು ಸಾಹಿತ್ಯವನ್ನೇ ಬೆಳೆಸಿದವು. ಅಂಗೈಯಗಲದ ಮೀನಿನ ಚರಿತ್ರೆಯಾದರೋ ಕೋರ್ಟಿನ ತೀರ್ಪು, ಕೃಷಿ ಸಂಶೋಧನಾ ಕೇಂದ್ರದ ಕೈಪಿಡಿ, ಮೀನು ಇಲಾಖೆಯ ವರದಿಗಳಲ್ಲಿ ಚದುರಿಹೋಗಿದೆ. ಅದನ್ನು ಕೂಡಿಸಿ ಓದಿದವರಿಗೆ ಮೀನಿನ ಕಥೆಯ ಜೊತೆಗೇ ಬಡವರಿಗೆ ನೀರಿನ ಮೇಲೆ ಎಷ್ಟು ಹಕ್ಕಿತ್ತು ಎಂಬ ಕಥೆಯೂ ಸಿಗುತ್ತದೆ.

ರೀಲ್‌ಫುಟ್‌ನಲ್ಲಿ ಆ ಹಕ್ಕಿಗಾಗಿ ರಕ್ತವೇ ಹರಿಯಿತು.

ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಕೆರೆಯ ಸುತ್ತ ನೆಲೆಸಿದವರು ಸಣ್ಣ ಹಿಡುವಳಿಯ ರೈತರು ಮತ್ತು ಮೀನುಗಾರರು. ಹೊಲದಲ್ಲಿ ಬೆಳೆ ಕೈಕೊಟ್ಟ ವರ್ಷ ಕೆರೆ ಅನ್ನ ಕೊಡುತ್ತಿತ್ತು. ಮನೆಗೆ ಬೇಕಾದಷ್ಟು ಉಳಿಸಿಕೊಂಡು ಮಿಕ್ಕ ಮೀನನ್ನು ಪಟ್ಟಣಗಳಿಗೆ ಕಳಿಸುತ್ತಿದ್ದರು. ಕೆರೆ ಯಾರದೆಂದು ಕೇಳುವ ಪ್ರಸಂಗ ಬಹುಕಾಲ ಬರಲೇ ಇಲ್ಲ. ಆದರೆ ಭೂಕಂಪಕ್ಕೂ ಮುಂಚೆ, ಅದು ಇನ್ನೂ ಕಾಡಾಗಿದ್ದಾಗ, ಆ ನೆಲವನ್ನು ಸರ್ಕಾರ ಕೆಲವರ ಹೆಸರಿಗೆ ಬರೆದುಕೊಟ್ಟಿತ್ತು. ನೆಲ ಮುಳುಗಿದರೂ ಹಕ್ಕುಪತ್ರ ಉಳಿದಿತ್ತು. ಜೇಮ್ಸ್ ಹ್ಯಾರಿಸ್ ಎಂಬ ಜಮೀನುದಾರ ಆ ಹಳೆಯ ಪತ್ರಗಳನ್ನು ಒಂದೊಂದಾಗಿ ಕೊಂಡು, ಕೆರೆಯ ತಳವೆಲ್ಲ ತನ್ನದು, ಆದ್ದರಿಂದ ನೀರೂ ಮೀನೂ ತನ್ನವೇ ಎಂದು ವಾದ ಹೂಡಿದ. ಕೆರೆ ಬಸಿದು ಹತ್ತಿ ಬೆಳೆಯುವ ಯೋಚನೆಯೂ ಆ ಕಾಲದಲ್ಲಿ ಕೇಳಿಬಂದಿತ್ತು. ಅವನು ತೀರಿಕೊಂಡ ಮೇಲೆ, 1907ರಲ್ಲಿ, ಮಗ ಮತ್ತು ಕೆಲವು ವಕೀಲರು ಸೇರಿ ವೆಸ್ಟ್ ಟೆನ್ನೆಸಿ ಲ್ಯಾಂಡ್ ಕಂಪನಿಯನ್ನು ಕಟ್ಟಿದರು. ಮೀನಿನ ವ್ಯಾಪಾರ ಗುತ್ತಿಗೆಗೆ ಹೋಯಿತು. ತಲೆಮಾರುಗಳಿಂದ ಗಾಳ, ಬಲೆ ಹಾಕಿಕೊಂಡಿದ್ದವರು ಇನ್ನು ಕಂಪನಿಯ ಅನುಮತಿ ಪಡೆಯಬೇಕು, ಹಿಡಿದದ್ದನ್ನು ಗುತ್ತಿಗೆದಾರನಿಗೇ ಅವನು ಹೇಳಿದ ಬೆಲೆಗೆ ಕೊಡಬೇಕು.

ಮುಖಕ್ಕೆ ಮುಸುಕು ಹಾಕಿಕೊಂಡು ಇರುಳಲ್ಲಿ ಕುದುರೆಯೇರಿ ಬರುವ ಗುಂಪೊಂದು 1908ರಲ್ಲಿ ಹುಟ್ಟಿಕೊಂಡಿತು. ಗುತ್ತಿಗೆದಾರನ ಮೀನುಕಟ್ಟೆಗೆ ಬೆಂಕಿ ಬಿತ್ತು, ಸಾಕ್ಷಿ ಹೇಳಿದವರ ಬೆನ್ನಿಗೆ ಚಾಟಿ ಬಿತ್ತು. ಈ ಗುಂಪನ್ನು ಬಡವರ ಪಕ್ಷದ ವೀರರೆಂದು ಹಾಡಿಹೊಗಳುವುದು ಸರಿಯಲ್ಲ. ಕೆರೆಯ ಜಗಳಕ್ಕೆ ಸಂಬಂಧವೇ ಇಲ್ಲದ ಕಪ್ಪು ಜನರ ಮೇಲೂ ಅವರು ಕೈ ಮಾಡಿದರು, ಊರಿಗೆ ಊರನ್ನೇ ಭಯದಲ್ಲಿ ಇಟ್ಟರು. ಅಕ್ಟೋಬರ್ 19ರ ರಾತ್ರಿ ಕೆರೆದಂಡೆಯ ವಾಲ್ನಟ್ ಲಾಗ್ ಎಂಬಲ್ಲಿನ ಹೋಟೆಲಿಗೆ ನುಗ್ಗಿ, ಕಂಪನಿಯ ಪಾಲುದಾರರಾಗಿದ್ದ ಇಬ್ಬರು ವಕೀಲರನ್ನು ಎಳೆದೊಯ್ದರು. ಕ್ವೆಂಟಿನ್ ರ‍್ಯಾಂಕಿನ್ ಅವರನ್ನು ಮರಕ್ಕೆ ನೇತುಹಾಕಿ ಗುಂಡಿಟ್ಟು ಕೊಂದರು. ವಯಸ್ಸಾಗಿದ್ದ ಆರ್. ಝಡ್. ಟೇಲರ್ ನೀರಿಗೆ ಹಾರಿ, ತೇಲುವ ದಿಮ್ಮಿಯ ಮರೆ ಹಿಡಿದು ಬದುಕಿಕೊಂಡರು. ಗವರ್ನರ್ ಮಾಲ್ಕಮ್ ಪ್ಯಾಟರ್ಸನ್ ಸೈನಿಕರನ್ನು ಕಳಿಸಿದರು. ಆರು ಮಂದಿಗೆ ಮರಣದಂಡನೆ ಆಯಿತು. ಆದರೆ ಮರುವರ್ಷವೇ ರಾಜ್ಯದ ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದುಮಾಡಿತು.

ಇಷ್ಟೆಲ್ಲ ಆದ ಮೇಲೆ ಕೆರೆಯ ಪ್ರಶ್ನೆ ನ್ಯಾಯಾಲಯದಲ್ಲಿ ಇತ್ಯರ್ಥವಾದದ್ದು 1913ರಲ್ಲಿ. ದೋಣಿ ಓಡಾಡುವಂಥ ನೀರು ಯಾರೊಬ್ಬರ ಸ್ವತ್ತೂ ಆಗಲಾರದು, ಅದು ಸಾರ್ವಜನಿಕರದು ಎಂಬ ನಿಲುವು ಗೆದ್ದಿತು. 1914ರಲ್ಲಿ ಕೆರೆ ಟೆನ್ನೆಸಿ ರಾಜ್ಯದ ಕೈಗೆ ಬಂತು. ಕೊಲೆ ನಡೆಯದೆಯೂ ಇದೇ ತೀರ್ಪು ಬರಬಹುದಿತ್ತು ಎಂಬುದೇ ಈ ಕಥೆಯಲ್ಲಿ ಹೆಚ್ಚು ನೋಯಿಸುವ ಭಾಗ. ಮುಂದೆ ಅಲ್ಲಿ ಬೆಳೆದದ್ದು ನಿಧಾನದ, ನೆಮ್ಮದಿಯ ಮೀನುಗಾರಿಕೆ. ನೀರೊಳಗಿನ ಬೊಡ್ಡೆಗಳನ್ನು ನೋಡಿಕೊಂಡು ಸಾಗಬೇಕಾದ್ದರಿಂದ, ಹುಟ್ಟು ಹಾಕುವವನು ಬೆನ್ನು ತಿರುಗಿಸಿ ಕೂರದೆ ಮುಂದಕ್ಕೇ ಮುಖ ಮಾಡಿ ಕೂರುವಂತೆ ಕೀಲು ಜೋಡಿಸಿದ ಹುಟ್ಟುಗಳ ಒಂದು ವಿಶಿಷ್ಟ ದೋಣಿ ಅಲ್ಲಿ ರೂಪುಗೊಂಡಿತು. ಟಿಪ್ಟನ್‌ವಿಲ್‌ನ ಕ್ಯಾಲ್‌ಹೌನ್ ಕುಟುಂಬ ತಲೆಮಾರುಗಳ ಕಾಲ ಅದನ್ನು ಕೈಯಲ್ಲೇ ಕಟ್ಟಿಕೊಟ್ಟಿತು. ಆ ಮನೆತನದ ಡೇಲ್ ಕ್ಯಾಲ್‌ಹೌನ್ ಅವರಿಗೆ ಅಮೆರಿಕದ ರಾಷ್ಟ್ರೀಯ ಪರಂಪರಾ ಗೌರವವೂ ಸಂದಿತು.

ದಕ್ಷಿಣದ ರಾಜ್ಯಗಳಲ್ಲಿ ಈ ಮೀನಿನ ಜೊತೆ ಹಳೆಯ, ಆಳವಾದ ನಂಟು ಕಪ್ಪು ಜನರಿಗಿತ್ತು. ಗುಲಾಮಗಿರಿಯ ಕಾಲದಲ್ಲಿ ಒಡೆಯ ಅಳೆದುಕೊಡುತ್ತಿದ್ದ ಮುಸುಕಿನ ಜೋಳದ ಹಿಟ್ಟು, ಹಂದಿಮಾಂಸ ಹೊಟ್ಟೆಗೆ ಸಾಲುತ್ತಿರಲಿಲ್ಲ. ಕತ್ತಲಾದ ಮೇಲೆ, ಇಲ್ಲವೇ ಬಿಡುವಿನ ಭಾನುವಾರ, ತೊರೆಯಲ್ಲಿ ಹಿಡಿದ ಮೀನು ಆ ಕೊರತೆಯನ್ನು ತುಂಬುತ್ತಿತ್ತು. ಅದನ್ನು ಮಾರಿ ನಾಲ್ಕು ಕಾಸು ಕಂಡವರೂ ಇದ್ದರು. ಬಿಡುಗಡೆಯಾದ ಮೇಲೆ ಕೂಲಿಗೆ ಹೋಗದೆ ದಡದಲ್ಲಿ ಕೂರುವ ಕಪ್ಪು ಮನುಷ್ಯನನ್ನು ಕಂಡರೆ ಜಮೀನುದಾರರಿಗೆ ಆಗುತ್ತಿರಲಿಲ್ಲ. ಮೀನು ಸಿಗುವವನು ಅವರು ಹೇಳಿದ ಕೂಲಿಗೆ ತಲೆಬಾಗಬೇಕಾಗಿರಲಿಲ್ಲ, ಸಿಟ್ಟಿನ ಬೇರು ಅಲ್ಲಿತ್ತು. ಬೇಲಿ ಕಾನೂನು, ಅತಿಕ್ರಮ ಕಾನೂನು, ಲೈಸೆನ್ಸು ಒಂದರ ಹಿಂದೊಂದು ಬಂದವು. ಅಷ್ಟಾದರೂ ಗಾಳ ಕೈಬಿಡಲಿಲ್ಲ. ಮುಸುಕಿನ ಜೋಳದ ಹಿಟ್ಟಿನಲ್ಲಿ ಹೊರಳಿಸಿ ಕರಿದ ಮೀನಿನ ಕೂಟ ಚರ್ಚಿನ ಅಂಗಳದಲ್ಲಿ, ಹಬ್ಬದಲ್ಲಿ, ಊರಿನ ಸಹಾಯಾರ್ಥ ನಿಧಿ ಕೂಡಿಸುವಲ್ಲಿ ಬೇರೂರಿತು.

ಬೇಕಾದ ಸರಂಜಾಮು ಅಷ್ಟೇ ಕಡಿಮೆ. ಹೊಳೆದಂಡೆಯ ಬಿದಿರುಕೋಲು, ಅದರ ತುದಿಗೆ ದಾರ, ಒಂದು ಬೆಂಡು, ಚೂರು ಸೀಸ, ಕೊಕ್ಕೆಗೆ ಎರೆಹುಳು. ರೀಲಿಲ್ಲದ ಇಂಥ ಕೋಲು ಹಿಡಿದು ತನ್ನ ಜಿಲ್ಲೆಯ ಸಿಹಿನೀರಿನಲ್ಲಿ ನೈಸರ್ಗಿಕ ಎರೆ ಬಳಸಿ ಗಾಳ ಹಾಕುವ ನಿವಾಸಿಗೆ ಫ್ಲಾರಿಡಾ ರಾಜ್ಯ ಲೈಸೆನ್ಸಿನಿಂದ ವಿನಾಯಿತಿ ಕೊಟ್ಟಿತು. ಬಡವನ ಗಾಳವನ್ನು ಕಾನೂನು ಬೇರೆಯಾಗಿ ಗುರುತಿಸಿದ ಅಪರೂಪದ ಉದಾಹರಣೆ ಇದು. ಎರೆಯ ವಿಷಯದಲ್ಲಿ ಹಳ್ಳಿಗರ ಜಾಣ್ಮೆಗೆ ಕೊನೆಯಿರಲಿಲ್ಲ. ಕ್ಯಾಟಾಲ್ಪ ಎಂಬ ಮರದ ಎಲೆಯನ್ನು ಒಂದು ಜಾತಿಯ ಪತಂಗದ ಹುಳು ಬೋಳಾಗುವಂತೆ ತಿನ್ನುತ್ತದೆ. ತೋಟಗಾರನಿಗೆ ಅದು ಪಿಡುಗು. ಆದರೆ ಬ್ಲೂಗಿಲ್‌ಗೆ ಆ ಹುಳುವೆಂದರೆ ಪ್ರಾಣ. ಹಾಗಾಗಿ ದಕ್ಷಿಣದ ಎಷ್ಟೋ ಮನೆಗಳ ಹಿತ್ತಲಲ್ಲಿ ಹುಳು ಬೀಳಲೆಂದೇ ಕ್ಯಾಟಾಲ್ಪ ನೆಟ್ಟರು. ಬೇಸಿಗೆಯಲ್ಲಿ ಮರದಡಿ ಒಂದು ಡಬ್ಬಿ ಹಿಡಿದು ನಿಂತರೆ ದಿನದ ಎರೆ ತಯಾರು. 1940ರ ದಶಕದಿಂದ ಚಿಮ್ಮಂಡೆ ಸಾಕುವ ಫಾರಂಗಳೂ ಎದ್ದವು. ಜಾರ್ಜಿಯಾದಲ್ಲಿ ಅದೊಂದು ಕುಟುಂಬ ಉದ್ಯಮವೇ ಆಗಿ ನಿಂತಿತು.

ಗಾಳಕ್ಕೆ ಬೇಸಿಗೆಯೇ ಏಕೆ? ನೀರು ಸುಮಾರು 20 ಡಿಗ್ರಿ ಸೆಲ್ಸಿಯಸ್ ಮುಟ್ಟಿದೊಡನೆ ಗಂಡು ಬ್ಲೂಗಿಲ್‌ಗಳು ದಡದ ತೆಳುನೀರಿಗೆ ಬಂದು, ಬಾಲದಿಂದ ಮರಳು ಗುಡಿಸಿ, ತಟ್ಟೆಯಾಕಾರದ ಗೂಡು ಮಾಡುತ್ತವೆ. ಒಂದರ ಪಕ್ಕ ಒಂದು, ಹತ್ತಾರು, ಕೆಲವು ಕಡೆ ನೂರಾರು. ಹೆಣ್ಣು ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಕಾವಲು ಗಂಡಿನದು. ರೆಕ್ಕೆಯಿಂದ ಮೊಟ್ಟೆಗಳಿಗೆ ನೀರು ಬೀಸುತ್ತ, ಹತ್ತಿರ ಬಂದ ಯಾವುದಕ್ಕೂ ಎರಗುತ್ತ, ಮರಿ ಹೊರಬಂದು ಈಜುವ ತನಕ ಅದು ಗೂಡು ಬಿಡುವುದಿಲ್ಲ. ಮೇ ತಿಂಗಳಿಂದ ಆಗಸ್ಟ್‌ವರೆಗೆ ಈ ಸರದಿ ಹಲವು ಬಾರಿ ನಡೆಯುತ್ತದೆ. ಎರಗುವ ಮೀನು ಕಚ್ಚುವ ಮೀನೂ ಹೌದು. ಆದ್ದರಿಂದಲೇ ಮೊದಲ ಸಲ ಕೋಲು ಹಿಡಿದ ಮಗುವಿಗೂ ಬೇಸಿಗೆಯಲ್ಲಿ ಬರಿಗೈ ಆಗುವುದು ಕಡಿಮೆ.

ಈ ಮೀನಿಗೆ ವಿಜ್ಞಾನದ ಹೆಸರು ಬಂದದ್ದು 1819ರಲ್ಲಿ. ಕಾನ್‌ಸ್ಟಂಟೈನ್ ರಾಫಿನೆಸ್ಕ್ ಎಂಬ ಪ್ರಕೃತಿಶಾಸ್ತ್ರಜ್ಞರು ಹಿಂದಿನ ವರ್ಷ ಓಹಾಯೊ ನದಿಗುಂಟ ಸುತ್ತಿ, ಕಂಡ ಮೀನುಗಳನ್ನೆಲ್ಲ ಬರೆದುಕೊಂಡಿದ್ದರು. ಆ ಯಾತ್ರೆಯಲ್ಲಿ ಅವರು ಪಕ್ಷಿಚಿತ್ರಕಾರ ಆಡುಬಾನ್ ಅವರ ಮನೆಯಲ್ಲಿ ತಂಗಿದರು. ಆಡುಬಾನ್ ತಮಾಷೆಗೆಂದು ಇಲ್ಲದ ಮೀನುಗಳ ವರ್ಣನೆ ಕೊಟ್ಟರು. ಗುಂಡೂ ತೂರಲಾರದ ಹುರುಪೆಯ ಮೀನೊಂದು ಹೀಗೆ ರಾಫಿನೆಸ್ಕ್ ಅವರ ಗ್ರಂಥ ಸೇರಿತು. ಆ ಕುಚೇಷ್ಟೆಯಿಂದ ಅವರ ಹೆಸರು ಬಹುಕಾಲ ಕೆಟ್ಟಿತು. ಆದರೆ ಬ್ಲೂಗಿಲ್‌ಗೆ ಅವರಿಟ್ಟ ಹೆಸರು ಇಂದಿಗೂ ಅಳಿದಿಲ್ಲ.

ಮಿಸಿಸಿಪಿಯ ನೆರೆ ಇಳಿದಾಗ ದಂಡೆಯಾಚೆಯ ತಗ್ಗುಗಳಲ್ಲಿ ಲೆಕ್ಕವಿಲ್ಲದಷ್ಟು ಮೀನು ಸಿಕ್ಕಿಬೀಳುತ್ತಿತ್ತು. ಬೇಸಿಗೆಗೆ ಆ ನೀರು ಆರಿದರೆ ಅಷ್ಟೂ ಸಾವು. 1871ರಲ್ಲಿ ಹುಟ್ಟಿದ ಅಮೆರಿಕದ ಮೀನು ಆಯೋಗ ಮುಂದೆ ಆ ತಗ್ಗುಗಳಲ್ಲಿ ಬಲೆ ಎಳೆಸಿ, ಸಿಕ್ಕಿದ್ದರಲ್ಲಿ ಬಹುಪಾಲನ್ನು ನದಿಗೇ ಮರಳಿ ಬಿಡಿಸಿತು. ಉಳಿದವನ್ನು ನೀರಿನ ತೊಟ್ಟಿಗಳಿದ್ದ ವಿಶೇಷ ರೈಲುಬೋಗಿಗಳಲ್ಲಿ ದೂರದ ರಾಜ್ಯಗಳಿಗೆ ಸಾಗಿಸಿತು. ದಾರಿಯುದ್ದಕ್ಕೂ ನೀರು ಬದಲಿಸುತ್ತ, ಮಂಜುಗಡ್ಡೆ ಹಾಕುತ್ತ ಸಿಬ್ಬಂದಿ ಜಾಗರಣೆ ಮಾಡುತ್ತಿದ್ದರು. ಹೇಳಿಕಳಿಸಿದ ನಿಲ್ದಾಣದಲ್ಲಿ ರೈತ ಹಾಲಿನ ಕ್ಯಾನಿನಂಥ ಪಾತ್ರೆಯಲ್ಲಿ ತನ್ನ ಪಾಲಿನ ಮರಿಗಳನ್ನು ಇಳಿಸಿಕೊಳ್ಳುತ್ತಿದ್ದ. ಬ್ಲೂಗಿಲ್ ಹೀಗೆ ತನ್ನ ತವರಿನ ಎಲ್ಲೆ ದಾಟಿ, ಪಶ್ಚಿಮದ ನೀರುಗಳನ್ನೂ ಸೇರಿತು.

ಆದರೆ ಅದನ್ನು ಮನೆಮನೆಯ ಮೀನಾಗಿಸಿದ್ದು ಅಲಬಾಮಾದ ಆಬರ್ನ್ ಊರಿನ ಕೆಲವು ಹೊಂಡಗಳು.

1930ರ ದಶಕದ ಮಹಾಕುಸಿತ. ಹತ್ತಿಯ ಬೆಲೆ ಬಿದ್ದಿತ್ತು, ಮೇಲ್ಮಣ್ಣು ಕೊಚ್ಚಿಹೋಗುತ್ತಿತ್ತು, ದಕ್ಷಿಣದ ರೈತರ ಊಟದಲ್ಲಿ ಮಾಂಸ ಅಪರೂಪವಾಗಿತ್ತು. ಆಬರ್ನ್‌ನ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದ ಹೋಮರ್ ಸ್ಕಾಟ್ ಸ್ವಿಂಗಲ್ ಕೀಟಶಾಸ್ತ್ರಜ್ಞರು. ಗಾಳದ ಹುಚ್ಚು ಅವರನ್ನು ಮೀನಿನ ಕಡೆ ತಂದಿತು. ಸಹೋದ್ಯೋಗಿ ಇ. ವಿ. ಸ್ಮಿತ್ ಜೊತೆ ಸೇರಿ ಅವರು ಕೇಳಿದ ಪ್ರಶ್ನೆ ರೈತನದೇ ಆಗಿತ್ತು: ಒಂದು ಎಕರೆ ಹೊಲದಲ್ಲಿ ಇಷ್ಟು ಹತ್ತಿ ಎಂದು ಲೆಕ್ಕ ಹಾಕುವ ಹಾಗೆ ಒಂದು ಎಕರೆ ನೀರಿನಲ್ಲಿ ಇಷ್ಟು ಮೀನು ಎಂದು ಹೇಳಬಹುದೇ? ಉತ್ತರಕ್ಕಾಗಿ ಅವರು ಹೊಂಡಗಳಿಗೆ ಮೀನು ಬಿಟ್ಟು, ಕಾಲಕಾಲಕ್ಕೆ ನೀರನ್ನು ಪೂರ್ತಿ ಬಸಿದು, ಒಳಗಿದ್ದ ಮೀನನ್ನೆಲ್ಲ ಜಾತಿವಾರು, ಗಾತ್ರವಾರು ಎಣಿಸಿ ತೂಗಿದರು. ವರ್ಷಗಟ್ಟಲೆ ಇದೇ ಕೆಲಸ. ಇಷ್ಟು ತಾಳ್ಮೆಯ ಎಣಿಕೆ ಅದಕ್ಕೆ ಮುಂಚೆ ಚಿಕ್ಕ ಮೀನಿನ ಪಾಲಿಗೆ ಬಂದಿರಲಿಲ್ಲ.

ಕಂಡದ್ದು ಸ್ಪಷ್ಟವಾಗಿತ್ತು. ಒಂದು ಹೊಂಡ ಹೊರಬಲ್ಲ ಮೀನಿನ ಒಟ್ಟು ತೂಕಕ್ಕೆ ಮಿತಿಯಿದೆ. ಆ ತೂಕ ಸಾವಿರಾರು ಪುಡಿಮೀನುಗಳಾಗಿಯೂ ಇರಬಹುದು, ಬಾಣಲೆಗೆ ತಕ್ಕ ಕೆಲವು ನೂರು ಮೀನುಗಳಾಗಿಯೂ ಇರಬಹುದು. ಬ್ಲೂಗಿಲ್ ಒಂದನ್ನೇ ಬಿಟ್ಟರೆ ಅದು ಮಿತಿಯಿಲ್ಲದೆ ಮರಿಮಾಡಿ, ಮೇವು ಸಾಲದೆ ಕುಳ್ಳಾಗಿ ಉಳಿಯುತ್ತದೆ. ಜೊತೆಗೆ ದೊಡ್ಡಬಾಯಿಯ ಬಾಸ್ ಮೀನನ್ನು ಬಿಟ್ಟರೆ ಅದು ಮರಿಗಳನ್ನು ತಿಂದು ತೆಳುಮಾಡುತ್ತದೆ, ಉಳಿದವು ಬೆಳೆಯುತ್ತವೆ. ಹತ್ತಿಗೆ ಹಾಕುವ ರಸಗೊಬ್ಬರವನ್ನೇ ನೀರಿಗೂ ಹಾಕಿದರೆ ಸೂಕ್ಷ್ಮಪಾಚಿ ಹುಟ್ಟಿ ನೀರು ಹಸಿರಾಗುತ್ತದೆ. ಪಾಚಿಯಿಂದ ಹುಳು, ಹುಳುವಿನಿಂದ ಬ್ಲೂಗಿಲ್, ಬ್ಲೂಗಿಲ್‌ನಿಂದ ಬಾಸ್. ಗೊಬ್ಬರ ಹಾಕಿದ ಹೊಂಡದ ಇಳುವರಿ ಹಲವು ಪಟ್ಟು ಏರಿತು. ಎಕರೆಗೆ ಬ್ಲೂಗಿಲ್ ಸಾವಿರಕ್ಕೂ ಮೇಲೆ, ಬಾಸ್ ನೂರರ ಆಸುಪಾಸು ಎಂಬ ಲೆಕ್ಕ ರೈತರ ಬಾಯಲ್ಲಿ ನಿಂತುಬಿಟ್ಟಿತು. ಇದೆಲ್ಲವನ್ನೂ ಒಟ್ಟುಗೂಡಿಸಿ, ಮೀನಿನ ಸಮತೋಲದ ಬಗ್ಗೆ ಸ್ವಿಂಗಲ್ 1950ರಲ್ಲಿ ಹೊರತಂದ ಬುಲೆಟಿನ್ ಹೊಂಡ ನಿರ್ವಹಣೆಯ ಮೂಲಪಾಠವಾಯಿತು.

1935ರಲ್ಲಿ ಶುರುವಾದ ಕೇಂದ್ರ ಮಣ್ಣು ಸಂರಕ್ಷಣಾ ಸೇವೆ ಸವಕಳಿ ತಡೆಯಲು, ದನಗಳಿಗೆ ನೀರು ಒದಗಿಸಲು ಕೃಷಿಹೊಂಡ ತೋಡಿಸುತ್ತಿತ್ತು. ಸರ್ಕಾರದ ಮರಿಕೇಂದ್ರಗಳು ಪುಕ್ಕಟೆ ಮೀನುಮರಿ ಕೊಟ್ಟವು. ಶತಮಾನದ ನಡುಭಾಗ ದಾಟುವಷ್ಟರಲ್ಲಿ ಇಂಥ ಹೊಂಡಗಳು ಲಕ್ಷಗಟ್ಟಲೆ. ಕ್ಲಬ್ಬಿನ ಸದಸ್ಯತ್ವವಿಲ್ಲದ, ನದಿದಂಡೆಯಲ್ಲಿ ಜಾಗವಿಲ್ಲದ ಕುಟುಂಬಕ್ಕೂ ಸಂಜೆ ಗಾಳ ಹಾಕಲು ಒಂದು ನೀರು ಸಿಕ್ಕಿತು. ಬ್ಲೂಗಿಲ್‌ನ ವಿಶ್ವದಾಖಲೆ ಮೀನು ಸಿಕ್ಕಿದ್ದೂ ಅಲಬಾಮಾದಲ್ಲೇ. 1950ರ ಏಪ್ರಿಲ್ 9ರಂದು ಕೆಟೋನಾ ಕೆರೆಯಲ್ಲಿ ಟಿ. ಎಸ್. ಹಡ್ಸನ್ ಹಿಡಿದ ಆ ಮೀನಿನ ತೂಕ 4 ಪೌಂಡ್ 12 ಔನ್ಸ್, ಎಂದರೆ ಎರಡು ಕಿಲೋಗೂ ಮಿಕ್ಕಿ.

ಅದೇ ಹೊತ್ತಿಗೆ ಬಿದಿರುಕೋಲಿಗೆ ಒಬ್ಬ ಸುಲಭದ ಜೊತೆಗಾರ ಬಂದ. ಟೆಕ್ಸಸ್‌ನ ಗಡಿಯಾರ ರಿಪೇರಿಗಾರ ಆರ್. ಡಿ. ಹಲ್, ದಾರ ಸಿಕ್ಕುಬೀಳದ ಮುಚ್ಚಿದ ರೀಲೊಂದನ್ನು ಯೋಚಿಸಿದ್ದರು. ಅದನ್ನು ತಯಾರಿಸಲು ಒಪ್ಪಿದ್ದು ಎಣ್ಣೆಬಾವಿಗಳಲ್ಲಿ ಸಿಡಿಸುವ ಸಮಯಬಾಂಬುಗಳನ್ನು ಮಾಡುತ್ತಿದ್ದ ಟಲ್ಸಾದ ಜೀರೋ ಅವರ್ ಬಾಂಬ್ ಕಂಪನಿ. 1949ರಲ್ಲಿ ರೀಲು ಮಾರುಕಟ್ಟೆಗೆ ಬಂತು. ಗುಂಡಿ ಒತ್ತಿ ಬೀಸಿದರಾಯಿತು. ಕಂಪನಿ ಕೊನೆಗೆ ಬಾಂಬು ಬಿಟ್ಟು, ಜೆಬ್ಕೊ ಎಂಬ ಹೆಸರಲ್ಲಿ ರೀಲನ್ನೇ ನೆಚ್ಚಿಕೊಂಡಿತು.

ಎಲ್ಲೆಡೆ ಬದುಕುವ, ಏನನ್ನೂ ತಿನ್ನುವ, ಬೇಗ ಹೆಚ್ಚುವ ಮೀನು. ಅಮೆರಿಕದಲ್ಲಿ ವರವಾದ ಇವೇ ಗುಣಗಳು ಜಪಾನಿನಲ್ಲಿ ಶಾಪವಾದವು. ಎರಡು ದೇಶಗಳ ಸಂಬಂಧಕ್ಕೆ ನೂರು ವರ್ಷ ತುಂಬಿದ 1960ರಲ್ಲಿ ಯುವರಾಜ ಅಕಿಹಿತೊ ಅಮೆರಿಕಕ್ಕೆ ಬಂದರು. ಗೋಬಿ ಮೀನುಗಳ ವರ್ಗೀಕರಣದಲ್ಲಿ ಅವರು ಸ್ವತಃ ಪಳಗಿದ ವಿಜ್ಞಾನಿ. ಷಿಕಾಗೊ ಮೇಯರ್ ರಿಚರ್ಡ್ ಡೇಲಿ ಯುವರಾಜರಿಗೆ ಬ್ಲೂಗಿಲ್‌ಗಳನ್ನು ಉಡುಗೊರೆ ಕೊಟ್ಟರು. ಆಹಾರದ ಮೀನಾಗಿ ಸಾಕಬಹುದೆಂದು ಯುವರಾಜರು ಅವನ್ನು ಮೀನುಗಾರಿಕಾ ಸಂಶೋಧನಾಲಯಕ್ಕೆ ಒಪ್ಪಿಸಿದರು. ಯುದ್ಧಾನಂತರದ ಜಪಾನಿಗೆ ಪ್ರೋಟೀನು ಬೇಕಾಗಿತ್ತು. ಆ ಕಾಲದ ಏಷ್ಯಾ ಪೂರ್ತಿ ಇದೇ ಭರವಸೆಯಲ್ಲಿತ್ತು. ಕರ್ನಾಟಕದ ಕೆರೆದಂಡೆಗಳಲ್ಲಿ ಜಿಲೇಬಿ ಎಂದು ಮಾರುವ ತಿಲಾಪಿಯ 1952ರಲ್ಲಿ ಭಾರತಕ್ಕೆ ಬಂದದ್ದೂ ಅಂಥದೇ ಆಸೆಯಿಂದ. 1965ರಲ್ಲಿ ಅಕಿಹಿತೊ ಥಾಯ್ ದೊರೆ ಭೂಮಿಬೋಲ್ ಅವರಿಗೆ ಕಳಿಸಿದ 50 ತಿಲಾಪಿಯಗಳು ಅಲ್ಲಿ ಕೋಟ್ಯಂತರ ಜನರ ಊಟವಾದವು.

ಬ್ಲೂಗಿಲ್ ಹಾಗಾಗಲಿಲ್ಲ. ಜಪಾನಿನಲ್ಲಿ ಅದು ನಿಧಾನವಾಗಿ ಬೆಳೆಯಿತು, ಮುಳ್ಳು ಹೆಚ್ಚೆಂದು ಜನ ಒಲ್ಲೆಂದರು. 1966ರಲ್ಲಿ ಇಜು ಪರ್ಯಾಯದ್ವೀಪದ ಇಪ್ಪೆಕಿ ಕೆರೆಗೆ ಬಿಟ್ಟದ್ದಲ್ಲದೆ, ಸಾಕಣೆ ಕೇಂದ್ರಗಳಿಂದ ತಪ್ಪಿಸಿಕೊಂಡೂ ಅದು ಹರಡಿತು. ಜಪಾನಿನ ಅತಿ ದೊಡ್ಡ ಸರೋವರ ಬಿವಾ ಹತ್ತಾರು ಲಕ್ಷ ವರ್ಷ ಹಳೆಯದು. ಬೇರೆಲ್ಲೂ ಇಲ್ಲದ ಮೀನುಗಳ ಮನೆ. ಅಲ್ಲಿ 1990ರ ದಶಕದಲ್ಲಿ ಬ್ಲೂಗಿಲ್ ತುಂಬಿಹೋಗಿ, ಸ್ಥಳೀಯ ಮೀನುಗಳ ಮೊಟ್ಟೆ ಮರಿಗಳನ್ನು ತಿಂದಿತು. ದಡಕ್ಕೆ ಕಲ್ಲು ಕಟ್ಟಿ ಜೊಂಡಿನ ಹಾಸು ನಾಶಮಾಡಿದ್ದೂ ಸೇರಿ, ಉಪ್ಪು ಅನ್ನದಲ್ಲಿ ತಿಂಗಳುಗಟ್ಟಲೆ ಹುಳಿಸುವ ಫುನಾಜುಶಿ ಖಾದ್ಯಕ್ಕೆ ಬೇಕಾದ ನಿಗೊರೊಬುನಾ ಮೀನೇ ಕೈಗೆಟುಕದಾಯಿತು. ಹಿಡಿದ ಬ್ಲೂಗಿಲ್ಲನ್ನು ನೀರಿಗೆ ಮರಳಿ ಬಿಡಬಾರದೆಂದು ಶಿಗಾ ಪ್ರಾಂತ್ಯ 2003ರಲ್ಲಿ ನಿಯಮ ತಂದು, ದಡದಲ್ಲಿ ಪೆಟ್ಟಿಗೆಗಳನ್ನು ಇರಿಸಿತು. 2006ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನ, ಜಪಾನಿನ ಬ್ಲೂಗಿಲ್‌ಗಳ ಮೂಲ ಅಯೋವಾದ ಗುಟೆನ್‌ಬರ್ಗ್ ಬಳಿಯ ಮಿಸಿಸಿಪಿಯಿಂದ ಬಂದ 15 ಮೀನುಗಳೆಂದು ತೋರಿಸಿತು. ಮರುವರ್ಷ ಬಿವಾ ದಂಡೆಯ ಓಟ್ಸು ನಗರದ ಸಭೆಯಲ್ಲಿ, ಆಗ ಚಕ್ರವರ್ತಿಯಾಗಿದ್ದ ಅಕಿಹಿತೊ, ತಾವು ತಂದ ಮೀನಿನಿಂದ ಹೀಗಾದುದಕ್ಕೆ ಮನಸ್ಸು ನೋಯುತ್ತಿದೆ ಎಂದು ಎಲ್ಲರೆದುರು ಹೇಳಿದರು. ಒಬ್ಬ ಚಕ್ರವರ್ತಿ ಮೀನಿನ ವಿಷಯದಲ್ಲಿ ಅಷ್ಟು ನೇರವಾಗಿ ಮಾತಾಡಿದ್ದು ದೊಡ್ಡ ಸಂಗತಿ. ಹಾಗೆ ಮಾತಾಡಿದ ಆಡಳಿತಗಾರರು ಹೆಚ್ಚಿಲ್ಲ.

ತವರಿನಲ್ಲೇ ಈಗ ಬೇರೊಂದು ಚಿಂತೆ. ಎಷ್ಟು ಹಿಡಿದರೂ ಮುಗಿಯದ ಮೀನು, ಹಿಡಿದಷ್ಟೂ ಒಳ್ಳೆಯದು ಎಂಬುದು ಹೊಂಡದ ಕಾಲದ ಪಾಠ. ದೊಡ್ಡ ಕೆರೆಗಳಲ್ಲಿ ಅದು ಪೂರ್ತಿ ನಿಜವಲ್ಲ. ಕೆನಡಾದ ಒಂಟಾರಿಯೊದಲ್ಲಿರುವ ಒಪಿನಿಕಾನ್ ಸರೋವರದಲ್ಲಿ 1970ರ ದಶಕದ ಕೊನೆಯಿಂದ ಮಾರ್ಟ್ ಗ್ರಾಸ್ ನಡೆಸಿದ ಅಧ್ಯಯನ ಕುತೂಹಲದ್ದು. ಅಲ್ಲಿ ಗೂಡು ಕಟ್ಟಿ ಕಾಯುವ ಗಂಡು ಪ್ರಾಯಕ್ಕೆ ಬರಲು ಸುಮಾರು ಏಳು ವರ್ಷ ಬೇಕು. ಇನ್ನು ಕೆಲವು ಗಂಡುಗಳು ಎರಡೇ ವರ್ಷಕ್ಕೆ ಪ್ರಾಯಕ್ಕೆ ಬಂದು, ಗೂಡು ಕಟ್ಟದೆ, ಮೊಟ್ಟೆಯಿಡುವ ಕ್ಷಣಕ್ಕೆ ಕದ್ದು ನುಗ್ಗುತ್ತವೆ. ಸ್ವಲ್ಪ ದೊಡ್ಡವಾದಾಗ ಹೆಣ್ಣಿನ ಬಣ್ಣ, ಚಲನೆಯನ್ನೇ ತಳೆದು ಒಡೆಯನ ಕಣ್ಣೆದುರೇ ಒಳಸೇರುತ್ತವೆ. ಬೇಸಿಗೆಯಲ್ಲಿ ಗಾಳಕ್ಕೆ ಮೊದಲು ಬೀಳುವುದು ಕಾವಲಿಗೆ ನಿಂತ ದೊಡ್ಡ ಗಂಡು. ಅವನ್ನೇ ಆರಿಸಿ ತೆಗೆದರೆ ಮೊಟ್ಟೆಗಳು ಅನಾಥ. ಉಳಿದ ಗಂಡುಗಳಿಗೆ ದೊಡ್ಡದಾಗುವ ಒತ್ತಡವೂ ಇಲ್ಲ. ಅವು ಬೆಳೆಯುವ ಮೊದಲೇ ಮರಿಮಾಡಲು ತೊಡಗುತ್ತವೆ, ಕೆರೆಯ ಮೀನು ತಲೆಮಾರಿನಿಂದ ತಲೆಮಾರಿಗೆ ಕಿರಿದಾಗುತ್ತದೆ.

ಮಿನೆಸೋಟ ರಾಜ್ಯದಲ್ಲಿ ಒಬ್ಬರು ಇಟ್ಟುಕೊಳ್ಳಬಹುದಾದ ಸನ್‌ಫಿಶ್ ಸಾಮಾನ್ಯವಾಗಿ 20. ಈಚಿನ ವರ್ಷಗಳಲ್ಲಿ ಆ ರಾಜ್ಯದ ಮೀನು ಇಲಾಖೆ, ದೊಡ್ಡ ಬ್ಲೂಗಿಲ್ ಇನ್ನೂ ಉಳಿದಿರುವ ಕೆರೆಗಳನ್ನು ಗುರುತಿಸಿ ಅಲ್ಲಿ ಮಿತಿಯನ್ನು 10ಕ್ಕೆ, ಕೆಲವು ಕಡೆ 5ಕ್ಕೆ ಇಳಿಸುತ್ತಿದೆ. ಯಾವ ಕೆರೆಗೆ ಈ ನಿಯಮ ಬೇಕೆಂಬುದರಲ್ಲಿ ಗಾಳ ಹಾಕುವವರ ಮಾತಿಗೂ ಬೆಲೆಯಿದೆ. ಐದು ಮೀನಿಗೆ ಮನೆಮಂದಿಯೆಲ್ಲ ಉಣ್ಣುವಷ್ಟು ಊಟವಾಗುವುದಿಲ್ಲ ಎನ್ನುವವರ ಮಾತಿನಲ್ಲಿ ಹುರುಳಿದೆ. ಹಿಂದಿನವರು ಹಿಡಿಯುತ್ತಿದ್ದ ಗಾತ್ರ ತಮ್ಮ ಮಕ್ಕಳ ಗಾಳಕ್ಕೂ ಸಿಗಬೇಕು ಎನ್ನುವವರ ಮಾತೂ ಅಷ್ಟೇ ತೂಕದ್ದು. ದೊಡ್ಡ ಗಂಡನ್ನು ಗೂಡಿಗೆ ಮರಳಿ ಬಿಟ್ಟು, ನಡುಗಾತ್ರದ ಕೆಲವನ್ನು ಮನೆಗೊಯ್ಯಿರಿ ಎಂಬುದು ಈಗ ಇಲಾಖೆಯ ಜೀವಶಾಸ್ತ್ರಜ್ಞರು ಕೊಡುವ ಸಲಹೆ.